ಥೀಮ್ ತೆಗೆದರೂ ಹೋಗದ ಬಣ್ಣ: ಗ್ನೋಮ್‌ನಲ್ಲಿ ನನ್ನ ಅನುಭವ

ಲಿನಕ್ಸ್‌ನ ಗ್ನೋಮ್ ಡೆಸ್ಕ್‌ಟಾಪ್‌ಗೆ ಹೊಸ ಥೀಮ್ ಹಾಕಿದ ಮೇಲೆ ಫೈಲ್ಸ್ ಮತ್ತು ಸೆಟ್ಟಿಂಗ್ಸ್ ಕಿಟಕಿಗಳಲ್ಲಿ ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರ. ಮುಚ್ಚುವ ಬಟನ್ ಕಾಣುತ್ತಿರಲಿಲ್ಲ. ಹಳೆಯ ಆ್ಯಪ್‌ಗಳು ಮಾತ್ರ ಸರಿಯಾಗಿದ್ದವು.

ಥೀಮ್ ಆರಿಸುವ ಟ್ವೀಕ್ಸ್ ಆ್ಯಪ್‌ನಲ್ಲಿ ಗ್ನೋಮ್‌ನ ಮೂಲ ಥೀಮ್ ಅದ್ವೈತಕ್ಕೆ ವಾಪಸ್ ಬದಲಿಸಿದೆ, ಏನೂ ಆಗಲಿಲ್ಲ. ಥೀಮ್ ಫೋಲ್ಡರ್ ಅಳಿಸಿದೆ. ಫೈಲ್ಸ್ ಆ್ಯಪನ್ನೇ ತೆಗೆದು ಮತ್ತೆ ಹಾಕಿದೆ. ಗ್ನೋಮ್‌ನ ಸೆಟ್ಟಿಂಗ್‌ಗಳು ಉಳಿಯುವ ಡಿಕಾನ್ಫನ್ನು ರೀಸೆಟ್ ಕೂಡ ಮಾಡಿದೆ. ಇದನ್ನಂತೂ ಮಾಡಬೇಡಿ, ಸುಮ್ನೆ ಶಾರ್ಟ್‌ಕಟ್‌ಗಳೆಲ್ಲ ಹೋಗುತ್ತವೆ.

ಹೊಸ ಬಳಕೆದಾರ ಖಾತೆ ತೆರೆದು ನೋಡಿದಾಗ ಎಲ್ಲ ಸರಿಯಿತ್ತು. ಅಂದರೆ ದೋಷ ಇದ್ದದ್ದು ನನ್ನ ಹೋಮ್ ಫೋಲ್ಡರಿನಲ್ಲೇ.

2022ರ ಗ್ನೋಮ್ 42ರಿಂದ ಅನೇಕ ಆ್ಯಪ್‌ಗಳು ಕಿಟಕಿ, ಬಟನ್‌ಗಳ ರೂಪಕ್ಕೆ ಲಿಬ್‌ಅದ್ವೈತ ಎಂಬ ಲೈಬ್ರರಿ ಬಳಸುತ್ತವೆ. ಅವು ಟ್ವೀಕ್ಸ್‌ನಲ್ಲಿ ಆರಿಸಿದ ಥೀಮನ್ನು ಓದುವುದಿಲ್ಲ. ಅದಕ್ಕೇ ಥೀಮ್‌ನ ಇನ್‌ಸ್ಟಾಲ್ ಸ್ಕ್ರಿಪ್ಟ್ ಬಣ್ಣ, ರೂಪ ಬರೆದಿರುವ ತನ್ನ ಸಿಎಸ್‌ಎಸ್ ಫೈಲುಗಳನ್ನು ಬೇರೆ ಕಡೆ ನಕಲು ಮಾಡಿತ್ತು. ಥೀಮ್ ಅಳಿಸಿದರೂ ಆ ನಕಲು ಉಳಿಯುತ್ತದೆ, ಅಲ್ವಾ?

ಫೈಲ್ಸ್ ತೆರೆದು ಕಂಟ್ರೋಲ್ ಮತ್ತು ಎಚ್ ಒತ್ತಿ, ಅಡಗಿದ ಫೋಲ್ಡರ್‌ಗಳು ಕಾಣುತ್ತವೆ. ಹೋಮ್ ಫೋಲ್ಡರಿನ ಡಾಟ್ ಕಾನ್ಫಿಗ್ ಒಳಗೆ, ಆ ನಕಲು ಇರುವ ಜಿಟಿಕೆ-4.0 ಫೋಲ್ಡರಿಗೆ ಹೋಗಿ. ಅಲ್ಲಿನ ಜಿಟಿಕೆ ಡಾಟ್ ಸಿಎಸ್‌ಎಸ್, ಜಿಟಿಕೆ-ಡಾರ್ಕ್ ಡಾಟ್ ಸಿಎಸ್‌ಎಸ್, ಅಸೆಟ್ಸ್ ಫೋಲ್ಡರ್, ಈ ಮೂರನ್ನೂ ಬೇರೆ ಜಾಗಕ್ಕೆ ಸರಿಸಿ. ಅಳಿಸಬೇಡಿ, ನೀವೇ ಬರೆದ ಸಾಲುಗಳು ಅದರಲ್ಲಿ ಇರಬಹುದು. ಆಮೇಲೆ ಲಾಗ್ ಔಟ್ ಮಾಡಿ ಒಳಬನ್ನಿ. ಕಿಟಕಿ ಮುಚ್ಚಿ ತೆರೆದರೆ ಸಾಲದು, ಫೈಲ್ಸ್ ಹಿನ್ನೆಲೆಯಲ್ಲಿ ಓಡುತ್ತಿರಬಹುದು.

ಆಗಲೂ ಬಣ್ಣ ಉಳಿದರೆ ಹೋಮ್ ಫೋಲ್ಡರಿನ ಡಾಟ್ ಪ್ರೊಫೈಲ್ ಫೈಲಿನಲ್ಲಿ, ಥೀಮನ್ನು ಬಲವಂತವಾಗಿ ಹೇರುವ ಜಿಟಿಕೆ ಅಂಡರ್‌ಸ್ಕೋರ್ ಥೀಮ್ ಎಂಬ ಸಾಲು ಹುಡುಕಿ. ಇದ್ದರೆ ಆ ಸಾಲು ಕೆಲಸ ಮಾಡದಂತೆ ಅದರ ಆರಂಭದಲ್ಲಿ ಹ್ಯಾಶ್ (#) ಗುರುತು ಹಾಕಿ, ಇನ್ನೊಮ್ಮೆ ಲಾಗ್ ಔಟ್ ಮಾಡಿ.