ಹೊಸ ಧಾರಾವಾಹಿಗೆ 15 ಸಂಚಿಕೆ ಗಡುವು: ನನ್ನ ಅನುಭವ

ಹೊಸ ಧಾರಾವಾಹಿಯ ಮೊದಲ ವಾರ ನೋಡಿ ತೀರ್ಪು ಕೊಡಬೇಡಿ. ಆ ವಾರಕ್ಕೆ ದುಡ್ಡು ಸುರಿದಿರುತ್ತಾರೆ: ಡ್ರೋನ್ ಶಾಟ್, ಜಾತ್ರೆ, ಕಾರುಗಳ ಸಾಲು. ಮೂರನೇ ವಾರಕ್ಕೆ ಕ್ಯಾಮೆರಾ ಹಾಲ್‌ನ ಸೋಫಾ, ಅಡುಗೆಮನೆ, ಮಹಡಿ ಮೆಟ್ಟಿಲು ಇಷ್ಟಕ್ಕೆ ಬಂದು ನಿಲ್ಲುತ್ತದೆ. ಬರೆಯುವವರಿಗೆ ಕಸುಬು ಗೊತ್ತೋ ಇಲ್ಲವೋ ಅಂತ ತಿಳಿಯುವುದು ಆಗಲೇ. ಹಾಗಾಗಿ ವಾರಕ್ಕೆ ಐದರಂತೆ 15 ಸಂಚಿಕೆ ನನ್ನ ಗಡುವು.

ಫೋನಿನ ಸ್ಟಾಪ್‌ವಾಚ್, ಒಂದು ನೋಟ್‌ಬುಕ್ ಸಾಕು. ಕೇಬಲ್ ಟಿವಿ ನಿಯಮದ ಪ್ರಕಾರ ಗಂಟೆಗೆ ಜಾಹೀರಾತು 10 ನಿಮಿಷ, ಚಾನೆಲ್‌ನ ಸ್ವಂತ ಪ್ರೋಮೊ 2 ನಿಮಿಷ ಮೀರಬಾರದು. ಅಂದರೆ ಅರ್ಧ ಗಂಟೆಯಲ್ಲಿ 24 ನಿಮಿಷ ಉಳಿಯಬೇಕು. ಅದರಿಂದ ನಿನ್ನೆಯ ತುಣುಕು, ಶೀರ್ಷಿಕೆ ಗೀತೆ, ಮುಖಗಳ ಕ್ಲೋಸಪ್ಪು ಕಳೆಯಿರಿ; ಮಿಕ್ಕಿದ್ದು ಕಥೆ. 14 ನಿಮಿಷ ಸಿಕ್ಕರೆ ಧಾರಾಳ. ವಾರದಲ್ಲಿ ಮೂರು ದಿನ 9ಕ್ಕಿಂತ ಕೆಳಗಿಳಿದರೆ ನಾನು ಕೈಬಿಡುತ್ತೇನೆ. ಕ್ಲೋಸಪ್ಪೇ ದೊಡ್ಡ ಕಳ್ಳ. ಅತ್ತೆಯ ಕೈಯಿಂದ ಹಾಲಿನ ಲೋಟ ಜಾರಿತು ಅನ್ನಿ: ಲೋಟ ಮೂರು ಸಲ ಬೀಳುತ್ತದೆ, ಆಮೇಲೆ ಎಂಟು ಮುಖ, ಮುಖಕ್ಕೆ ಐದು ಸೆಕೆಂಡು, ಪ್ರತಿ ಮುಖಕ್ಕೂ ಒಂದು ಢಣ್. ಮುಕ್ಕಾಲು ನಿಮಿಷ ಹೋಯಿತು, ನೆಲ ಒರೆಸಲು ಇನ್ನೂ ಯಾರೂ ಬಂದಿಲ್ಲ. ಕೈಯಲ್ಲಿ ಮುಂಗಡ ಸಂಚಿಕೆ ಇಲ್ಲದೆ ಇವತ್ತು ತೆಗೆದದ್ದನ್ನು ನಾಳೆಯೇ ಕೊಡುವ ಪರಿಸ್ಥಿತಿ ಬಂದಾಗ ಇಂಥ ಮುಖಗಳೇ ಹೊಟ್ಟೆ ತುಂಬಿಸುವುದು.

ನೋಟ್‌ಬುಕ್ಕಿನಲ್ಲಿ ಬರೆಯುವುದು ಒಂದೇ ಸಾಲು: ಕಥೆಯ ಗುಟ್ಟು ಇವತ್ತು ಹೊಸದಾಗಿ ಯಾರಿಗೆ ಗೊತ್ತಾಯಿತು? ಹದಿನೈದೂ ಸಾಲು ಖಾಲಿ ಇದ್ದರೆ ಆರು ತಿಂಗಳಾದರೂ ಆ ಗುಟ್ಟು ಬಾಗಿಲ ಹಿಂದೆಯೇ ನಿಂತಿರುತ್ತದೆ.

ರಿಮೇಕ್ ಆದರೆ ಮೂಲ ಎಷ್ಟು ದಿನ ನಡೆಯಿತು ಅಂತ ಮೊದಲು ನೋಡಿ. ಮರಾಠಿಯ ‘ತುಲಾ ಪಾಹತೆ ರೇ’ ವರ್ಷದೊಳಗೆ ಮುಗಿದಿತ್ತು. ಅದೇ ಕಥೆಯ ‘ಜೊತೆ ಜೊತೆಯಲಿ’ ಕನ್ನಡದಲ್ಲಿ 2019ರಿಂದ 2023ರವರೆಗೆ ಓಡಿತು, ನಡುವೆ ನಾಯಕ ನಟರೂ ಬದಲಾದರು. ಮೂಲದ ಸರಕು ತೀರಿದ ಮೇಲೆ ಬಂದದ್ದೆಲ್ಲ ಎಳೆತ. ನನ್ನ ಮಟ್ಟಿಗೆ ರಿಮೇಕಿನ ಮೊದಲ ವರ್ಷವೇ ನಿಜವಾದ ಧಾರಾವಾಹಿ. ಟಿವಿ ನೋಡುವವರ ಲೆಕ್ಕ ಇಡುವ ಬಾರ್ಕ್ ಸಂಸ್ಥೆಯ, ಗುರುವಾರ ಬರುವ ಟಿಆರ್‌ಪಿ ಮೇಲೂ ಕಣ್ಣಿಡಿ. ಅಂಕ ಕುಸಿದರೆ ಸಮಯ ಬದಲು, ಇನ್ನೊಂದು ಧಾರಾವಾಹಿಯ ಜೊತೆ ಮಹಾಸಂಗಮ, ಇಲ್ಲವೇ ನೆನಪು ಕಳೆದುಕೊಂಡ ನಾಯಕ.

ಮತ್ತೆ ಮತ್ತೆ ಬರುವ ಶೋಗಳಿಗೆ ಅಳತೆ ಬೇರೆ. ‘ಬಿಗ್ ಬಾಸ್’ ಕನ್ನಡದಲ್ಲಿ 2013ರಲ್ಲಿ ಈಟಿವಿಯಲ್ಲಿ ಶುರುವಾಗಿ, ಎರಡನೇ ಸೀಸನ್‌ಗೆ ಸುವರ್ಣಕ್ಕೆ ಹೋಗಿ, ಮೂರನೆಯದಕ್ಕೆ ಕಲರ್ಸ್‌ಗೆ ಬಂತು. ನಿರೂಪಕ ಸುದೀಪ್ ಮಾತ್ರ ಬದಲಾಗಿಲ್ಲ. ಮೊದಲ ಎರಡು ವಾರ ಎಲ್ಲರೂ ಕ್ಯಾಮೆರಾಗೆ ನಟಿಸುತ್ತಾರೆ, ಅದನ್ನು ಬಿಡಿ. ಮೂರನೇ ವಾರದಿಂದ ಶನಿವಾರದ್ದೊಂದು ನೋಡಿದರೆ ಸಾಕು, ವಾರದ ಜಗಳವೆಲ್ಲ ಸುದೀಪ್ ಮುಂದೆ ಪಂಚಾಯಿತಿಗೆ ಬಂದಿರುತ್ತದೆ. 10 ಮತ್ತು 11ನೇ ಸೀಸನ್ ಮುಗಿದದ್ದು ಜನವರಿ ಕೊನೆಗೆ. ಕಾಫಿ ಕೊಯ್ಲಿನ ಹೊತ್ತು ಅದು. ಸಂಜೆ ಹಣ್ಣು ಅಳೆದು, ಕಣದ ಕಾಫಿ ರಾಶಿ ಮಾಡಿ, ಟಾರ್ಪಾಲು ಹೊದಿಸಿ ಬರುವಷ್ಟರಲ್ಲಿ ಎಲಿಮಿನೇಷನ್ ಆಗಿರುತ್ತದೆ.

ಕೊಡಗಿನವರಿಗೆ ಇನ್ನೊಂದು ಪರೀಕ್ಷೆ ಪುಕ್ಕಟೆ: ಜುಲೈ-ಆಗಸ್ಟ್‌ನ ಕಕ್ಕಡ ತಿಂಗಳ ಮಳೆ. ಡಿಟಿಎಚ್ ಕೊಡೆಗೆ (ಡಿಶ್) ಬರುವುದು ಕೆಯು ಬ್ಯಾಂಡ್ ಅನ್ನುವ ಉಪಗ್ರಹ ಸಿಗ್ನಲ್, ಅದರ ಅಲೆಯನ್ನು ಜೋರು ಮಳೆ ಹೀರಿಬಿಡುತ್ತದೆ. ಪರದೆ ಮೊದಲು ಚೌಕಚೌಕವಾಗಿ ಆಮೇಲೆ ನೀಲಿಯಾಗುತ್ತದೆ. ಕೊಡೆ ತಿರುಗಿಸಲು ಹೋಗಬೇಡಿ, ಬಿಸಿಲಲ್ಲಿ ಕೂಡಿಸಿದ್ದೂ ಕೆಡುತ್ತದೆ. ಮಳೆ ನಿಂತ ಮೇಲೂ ಸಿಗ್ನಲ್ ಕ್ವಾಲಿಟಿ ಏರದಿದ್ದರೆ ಕೊಡೆಯ ಮುಂದೆ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿಯ ಕನೆಕ್ಟರ್ ಬಿಚ್ಚಿ ಒರೆಸಿ, ನೀರಿಳಿದಿರುತ್ತದೆ. ಇಲ್ಲವೇ ಎದುರಿನ ಸಿಲ್ವರ್ ಓಕ್ ಬೆಳೆದು ಅಡ್ಡ ಬಂದಿರುತ್ತದೆ. ಸಿಗ್ನಲ್ ಇದ್ದರೆ ಕರೆಂಟ್ ಇರುವುದಿಲ್ಲ, ಆ ಮಾತು ಬೇರೆ.

ಹೀಗೆ ಮೂರ್ನಾಲ್ಕು ಸಂಚಿಕೆ ತಪ್ಪಿದರೆ ಆ್ಯಪಿನಲ್ಲಿ ಹುಡುಕಬೇಡಿ, ಮರುಪ್ರಸಾರವೂ ಬೇಡ. ನೇರ ಮುಂದಿನದಕ್ಕೆ ಕೂತುಕೊಳ್ಳಿ. “ಇವಳ್ಯಾಕೆ ಇಲ್ಲಿದ್ದಾಳೆ?” ಅಂತ ಪಕ್ಕದವರನ್ನು ಕೇಳುವಂತಾದರೆ ಉಳಿಸಿಕೊಳ್ಳಿ. ಎಲ್ಲ ಅರ್ಥವಾಯಿತೇ? ಆ ಹೊತ್ತಿಗೆ ವಾರ್ತೆ ಹಾಕಿ.