ಗುಂಡು ಹೊಕ್ಕ ದಿಮ್ಮಿಯ ಲೆಕ್ಕ

ದಾರದಲ್ಲಿ ತೂಗುಬಿಟ್ಟ 1.99 ಕೆಜಿಯ ಮರದ ದಿಮ್ಮಿ. 10 ಗ್ರಾಂ ಗುಂಡೊಂದು ಸೆಕೆಂಡಿಗೆ 300 ಮೀಟರ್ ವೇಗದಲ್ಲಿ ಅಡ್ಡಲಾಗಿ ಬಂದು ಅದರೊಳಗೇ ಸಿಕ್ಕಿಕೊಳ್ಳುತ್ತದೆ. ದಿಮ್ಮಿ ಎಷ್ಟು ಎತ್ತರಕ್ಕೆ ಏರುತ್ತದೆ?

ಸೂತ್ರಕ್ಕೆ ಕೈಹಾಕುವ ಮೊದಲು ನಾನು ಮೂರು ಚಿತ್ರ ಬಿಡಿಸುತ್ತೇನೆ: ಗುಂಡು ತಾಗುವ ಮುಂಚೆ, ಹೊಕ್ಕ ಮರುಕ್ಷಣ, ದಿಮ್ಮಿ ಏರಿ ನಿಂತಾಗ. ಮೊದಲೆರಡರ ನಡುವೆ ಬದಲಾಗದೆ ಉಳಿಯುವುದು ಸಂವೇಗ (ದ್ರವ್ಯರಾಶಿ × ವೇಗ), ಕೊನೆಯೆರಡರ ನಡುವೆ ಶಕ್ತಿ. ಎಡವುವವರೆಲ್ಲ ಎಡವುವುದು ನಡುವಿನ ಚಿತ್ರವನ್ನು ಹಾರಿಸಿದಾಗಲೇ.

ಸಂವೇಗ 0.01 × 300 = 3. ಹೊಕ್ಕ ಮೇಲೆ ಒಟ್ಟು ರಾಶಿ 2 ಕೆಜಿ, ಹಾಗಾಗಿ ವೇಗ 1.5 ಮೀ/ಸೆ. ಇಲ್ಲಿಂದಾಚೆ ಶಕ್ತಿಯ ಲೆಕ್ಕ, ಚಲನಶಕ್ತಿಯೆಲ್ಲ ಎತ್ತರವಾಗುತ್ತದೆ: ಎತ್ತರ = 1.5² ÷ (2 × 9.8), ಅಂದರೆ 11.5 ಸೆಂ.ಮೀ. (9.8 ಎಂಬುದು ಗುರುತ್ವ ವೇಗೋತ್ಕರ್ಷ.)

ನಡುವಿನ ಚಿತ್ರ ಬಿಟ್ಟು, ಗುಂಡಿನ 450 ಜೌಲ್ ಚಲನಶಕ್ತಿಯನ್ನು ನೇರವಾಗಿ ಎತ್ತರಕ್ಕೆ ಸಮ ಮಾಡಿದರೆ 23 ಮೀಟರ್ ಬರುತ್ತದೆ! ತೂಗುಬಿಟ್ಟ ದಿಮ್ಮಿ ಏಳಂತಸ್ತು ಏರುವುದುಂಟೇ? ಡಿಕ್ಕಿಯ ನಂತರ ಉಳಿಯುವ ಚಲನಶಕ್ತಿ ಬರೀ 2.25 ಜೌಲ್. ಮಿಕ್ಕಿದ್ದೆಲ್ಲ ಮರ ಸೀಳುವುದರಲ್ಲಿ, ಬಿಸಿಯಲ್ಲಿ ಹೋಯಿತು. ಉಳಿದ ಪಾಲು ಗುಂಡಿನ ರಾಶಿಯನ್ನು ಒಟ್ಟು ರಾಶಿಯಿಂದ ಭಾಗಿಸಿದಷ್ಟೇ: ಇಲ್ಲಿ ಶೇ. 0.5. ಉತ್ತರ ತಾಳೆ ನೋಡಲು ನಾನು ಬಳಸುವುದು ಇದನ್ನೇ.

ಹಾಗಾದರೆ ಮೇಲೇರುವಾಗ ಸಂವೇಗ ಯಾಕೆ ಉಳಿಯುವುದಿಲ್ಲ? ದಾರ ಓರೆಯಾದೊಡನೆ ಅದರ ಎಳೆತ ಅಡ್ಡಕ್ಕೂ ಜಗ್ಗುತ್ತದೆ. ಆದರೆ ಆ ಎಳೆತ ಸದಾ ಚಲನೆಗೆ ಲಂಬವಾಗಿರುವುದರಿಂದ ಅದು ಮಾಡುವ ಕೆಲಸ ಸೊನ್ನೆ, ಶಕ್ತಿಗೆ ತೊಂದರೆಯಿಲ್ಲ. (ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ 1742ರಲ್ಲಿ ವಿವರಿಸಿದ ಉಪಾಯ ಇದೇ ಲೆಕ್ಕದ ತಿರುಗುಮುರುಗು. ಲೋಲಕ ಎಷ್ಟು ಹಿಂದೆ ಸರಿಯಿತೆಂದು ರಿಬ್ಬನ್ನಿನಿಂದ ಅಳೆದು ಗುಂಡಿನ ವೇಗ ಕಂಡುಕೊಂಡ.)

ಅದೇ ದಿಮ್ಮಿ ಮೇಜಿನ ಮೇಲಿದ್ದು ಘರ್ಷಣಾಂಕ (ಮೇಜು ಜಾರಿಕೆಯನ್ನು ಎಷ್ಟು ತಡೆಯುತ್ತದೆಂಬ ಅಳತೆ) 0.3 ಆದರೆ, ಮೊದಲರ್ಧ ಬದಲಾಗದು. ಆಮೇಲೆ 1.5² ÷ (2 × 0.3 × 9.8): ಸುಮಾರು 38 ಸೆಂ.ಮೀ. ಜಾರಿ ನಿಲ್ಲುತ್ತದೆ.

ಗುಂಡು ದಿಮ್ಮಿಯನ್ನು ತೂರಿ 100 ಮೀ/ಸೆ ವೇಗದಲ್ಲಿ ಆಚೆ ಬಂದರೆ ಎಚ್ಚರ. ಗುಂಡು ಒಯ್ದ ಸಂವೇಗ 1, ದಿಮ್ಮಿಗೆ ಸಿಕ್ಕಿದ್ದು 2. ಈಗ ಭಾಗಿಸಬೇಕಾದ್ದು 1.99ರಿಂದ, 2ರಿಂದಲ್ಲ. ಇಲ್ಲಿ ಉತ್ತರ ಹೆಚ್ಚೇನೂ ಕೆಡದು, 5 ಸೆಂ.ಮೀ. ಚಿಲ್ಲರೆ, ಗುಂಡಿನ ಬದಲು ಅರ್ಧ ಕೆಜಿಯ ಉಂಡೆಯಾಗಿದ್ದರೆ ಮಾತ್ರ ತಪ್ಪು ಎದ್ದು ಕಾಣುತ್ತದೆ.