ಆಸ್ಪತ್ರೆ ರೇಡಿಯೊ: ಮೊದಲು ವಾರ್ಡು, ಆಮೇಲೆ ಮೈಕು

ಬ್ರಿಟನ್ನಿನ ಆಸ್ಪತ್ರೆ ರೇಡಿಯೊಗೆ, ಅಂದರೆ ಸ್ವಯಂಸೇವಕರು ರೋಗಿಗಳಿಗಾಗಿ ನಡೆಸುವ ರೇಡಿಯೊಗೆ, ಸೇರಲು ಬರುವ ನಮ್ಮ ಹುಡುಗರು ಮೊದಲು ಕೇಳುವುದು, "ಮೈಕ್ ಮುಂದೆ ಯಾವಾಗ ಕೂರಿಸ್ತೀರಿ?" ಅಂತ. ನಾನು ಅವರ ಕೈಗೆ ಪ್ಯಾಡು, ಪೆನ್ನು, ರೋಗಿಗಳು ಕೇಳುವ ಹಾಡು ಬರೆದುಕೊಳ್ಳಲು ಒಂದು ಕಟ್ಟು ಕೋರಿಕೆ ಚೀಟಿ ಕೊಡುತ್ತೇನೆ. ಮುಖ ಸಪ್ಪಗಾಗುತ್ತದೆ, ಆಗಲಿ.

ಡಿಬಿಎಸ್ ತಪಾಸಣೆ (ಹಿಂದೆ ಅಪರಾಧ ಮಾಡಿದ ದಾಖಲೆ ಇದೆಯೇ ಎಂದು ನೋಡುವುದು), ಸೋಂಕು ತಡೆಯ ತರಬೇತಿ ಮುಗಿಯುವವರೆಗೆ ತಾಳ್ಮೆ ಬೇಕು. ವಾರ್ಡಿಗೆ ಹೋಗುವಾಗ ಅಂಗಿಯ ತೋಳು ಮೊಣಕೈ ಮೇಲಿರಲಿ, ವಾಚು ಬಿಚ್ಚಿಡಿ, ಕೈ ತೊಳೆಯಿರಿ. ಮೊದಲು ನರ್ಸನ್ನು ಕಂಡು ಯಾರನ್ನು ಮಾತಾಡಿಸಬಾರದು ಎಂದು ಕೇಳಿಕೊಳ್ಳಿ. ಪರದೆ ಎಳೆದಿದ್ದರೆ ಮುಂದಿನ ಮಂಚಕ್ಕೆ ನಡೆಯಿರಿ. "ಏನಾಗಿದೆ ನಿಮಗೆ?" ಅನ್ನುವುದು ನಮ್ಮವರ ಬಾಯಿಗೆ ತಾನಾಗಿ ಬರುವ ಪ್ರಶ್ನೆ, ನುಂಗಿಕೊಳ್ಳಿ. ಯಾವ ಹಾಡು ಬೇಕೆಂದರೆ ಬಹಳ ಮಂದಿ "ಯಾವುದಾದರೂ ಸರಿ" ಎಂದುಬಿಡುತ್ತಾರೆ. ಹದಿನೆಂಟರ ವಯಸ್ಸಿನಲ್ಲಿ ಯಾವ ಹಾಡಿಗೆ ಕುಣಿಯುತ್ತಿದ್ದಿರಿ ಎಂದು ಕೇಳಿ ನೋಡಿ. ಹಾಡಿನ ಹಿಂದೆ ಅಣ್ಣ, ಗೆಳತಿ, ಹಳೇ ಬೈಕು ಎಲ್ಲ ಬರುತ್ತವೆ. ಅವಸರ ಮಾಡಬೇಡಿ, ನಿಲ್ಲಿ. ಹೊರಡುವ ಮುಂಚೆ ನಮ್ಮ ರೇಡಿಯೊ ಹಚ್ಚುವುದು ಹೇಗೆಂದು ಅವರ ಫೋನಿನಲ್ಲೋ ಮಂಚದ ಪಕ್ಕದ ಪರದೆಯಲ್ಲೋ ತೋರಿಸಿಕೊಡಿ. ಇದನ್ನು ಮರೆತರೆ ಪಟ್ಟ ಪಾಡೆಲ್ಲ ದಂಡ. ಕೋರಿಕೆಯನ್ನು ಅದೇ ಸಂಜೆ ಹಾಕಿ, ನಾಳೆಗೆ ಅವರು ಮನೆಗೆ ಹೋಗಿರಬಹುದು. ಒಪ್ಪಿದವರ ಮೊದಲ ಹೆಸರು ಮಾತ್ರ ಓದಿ. ಕಾಯಿಲೆ ಯಾವುದೆಂದು ವಾರ್ಡಿನ ಹೆಸರೇ ಹೇಳುವಂತಿದ್ದರೆ ಅದನ್ನೂ ಬಿಡಿ.

ಇನ್ನು ದುಡ್ಡು. ಹಾಡುಗಳ ಲೈಸೆನ್ಸು, ವಿಮೆ, ಕೈಕೊಟ್ಟ ಮಿಕ್ಸರ್ ಎಲ್ಲಕ್ಕೂ ನಾವೇ ಹೊಂದಿಸಬೇಕು. ರಸ್ತೆಯಲ್ಲಿ ದೇಣಿಗೆ ಡಬ್ಬಿ ಹಿಡಿಯಲು ಸಾಮಾನ್ಯವಾಗಿ ಕೌನ್ಸಿಲ್ ಪರವಾನಗಿ ಬೇಕು. ಸೂಪರ್‌ಮಾರ್ಕೆಟ್ ಬಾಗಿಲಲ್ಲಾದರೆ ಮ್ಯಾನೇಜರನ್ನು ಕೇಳಿ. ಡಬ್ಬಿಗೆ ಸೀಲ್ ಇರಲಿ, ಎಣಿಸಲು ಇಬ್ಬರು ಕೂರಲಿ. ಡಬ್ಬಿ ಕುಲುಕಬೇಡಿ, ನನಗೆ ಅದು ಹಿಡಿಸದು. "ರೇಡಿಯೊಗೆ ಸಹಾಯ ಮಾಡಿ" ಅನ್ನುವುದಕ್ಕಿಂತ "ಸ್ಟುಡಿಯೊಗೆ ಹೊಸ ಮೈಕ್ ಬೇಕು" ಎಂದು ಬರೆದು ನಿಲ್ಲಿಸಿ, ಜನ ನಿಂತು ಓದುತ್ತಾರೆ.

ದೇಣಿಗೆಗೆ ಸರ್ಕಾರ ತನ್ನ ಪಾಲು ಸೇರಿಸುವ ಗಿಫ್ಟ್ ಏಡ್ ಲೆಕ್ಕ ಚೆನ್ನಾಗಿ ತಿಳಿದುಕೊಳ್ಳಿ. ತೆರಿಗೆ ಕಟ್ಟುವವರು ದೇಣಿಗೆಯ ಜೊತೆ ಗಿಫ್ಟ್ ಏಡ್ ಘೋಷಣೆಗೆ ಸಹಿ ಹಾಕಿಕೊಟ್ಟರೆ ಪ್ರತಿ ಪೌಂಡಿಗೆ ಸರ್ಕಾರದಿಂದ 25 ಪೆನ್ಸ್ ಸೇರುತ್ತದೆ. ಡಬ್ಬಿಗೆ ಬೀಳುವ ಚಿಲ್ಲರೆಗೆ ಸಹಿ ಎಲ್ಲಿಂದ ತರೋಣ? ಅದಕ್ಕೆ ಸಣ್ಣ ದೇಣಿಗೆಗಳ ಯೋಜನೆ ಇದೆ: ಒಬ್ಬರು ಕೊಟ್ಟದ್ದು 30 ಪೌಂಡ್ ಮೀರದಿದ್ದರೆ ಸಹಿ ಇಲ್ಲದೆಯೂ ಅದೇ 25 ಪೆನ್ಸ್ ಕೇಳಬಹುದು, ವರ್ಷಕ್ಕೆ 8,000 ಪೌಂಡ್ ದೇಣಿಗೆಯವರೆಗೆ. ಆದರೆ ಆ ಮೊತ್ತ ಅದೇ ವರ್ಷ ಸಹಿಯೊಂದಿಗೆ ಬಂದ ದೇಣಿಗೆಯ ಹತ್ತು ಪಟ್ಟು ದಾಟುವಂತಿಲ್ಲ. ಪೂರ್ತಿ 8,000ಕ್ಕೆ ಕೇಳಬೇಕಾದರೆ 800 ಪೌಂಡಿಗೆ ಸಹಿ ಬೇಕು. ಈ ಸಹಿ ಪಡೆಯಲು ನಾನು ಶುರು ಮಾಡುವುದು ನಮ್ಮ ಸ್ವಯಂಸೇವಕರ ಸದಸ್ಯತ್ವ ಶುಲ್ಕದಿಂದಲೇ. ರ‍್ಯಾಫಲ್ ಎಂಬ ಬಹುಮಾನ ಲಾಟರಿಯ ಟಿಕೆಟ್ಟಿನ ದುಡ್ಡು ದೇಣಿಗೆ ಅನ್ನಿಸಿಕೊಳ್ಳುವುದಿಲ್ಲ, ಅದನ್ನು ಬೇರೆ ಲಕೋಟೆಯಲ್ಲಿಡಿ.